ಬೋರಾಕ್ಸ್ ಹೆಚ್ಚಾದ ತೋಟದಲ್ಲಿ ಯಾವ ಗಿಡ ತಾಳುತ್ತದೆ? ಕುಂಡದಲ್ಲೇ ಕಂಡುಕೊಳ್ಳುವ ಬಗೆ

ಕಾಸರಗೋಡಿನ ಮುರಕಲ್ಲು ಮಣ್ಣಿನಲ್ಲಿ ಬೋರಾನ್ ಎಂಬ ಲಘು ಪೋಷಕಾಂಶ ಹೆಚ್ಚು ಕಾಲ ನಿಲ್ಲುವುದಿಲ್ಲ. ವರ್ಷಕ್ಕೆ ಸುಮಾರು 3,500 ಮಿ.ಮೀ. ಸುರಿಯುವ ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ತೆಂಗಿನ ಹೊಸ ಸೋಗೆ ಮುರುಟಿ, ಗರಿಗಳು ಬಿಡಿಸಿಕೊಳ್ಳದೆ ಅಂಟಿಕೊಂಡಾಗ ಬುಡಕ್ಕೆ ಬೋರಾನ್ ಇರುವ ಬೋರಾಕ್ಸ್ ಪುಡಿ ಹಾಕುವುದು ಇಲ್ಲಿ ರೂಢಿ. ತೊಂದರೆ ಅಳತೆಯಲ್ಲಿದೆ. 50 ಗ್ರಾಂ ಎಂದು ಹೇಳಿದ್ದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟುವಷ್ಟರಲ್ಲಿ ‘ಎರಡು ಹಿಡಿ’ ಆಗಿರುತ್ತದೆ. ಆರು ತಿಂಗಳಾದರೂ ಸುಳಿ ಸುಧಾರಿಸದಿದ್ದರೆ ಮತ್ತೆರಡು ಹಿಡಿ ಬೀಳುತ್ತದೆ. ಬದಿಯಡ್ಕ, ಪೆರ್ಲ ಕಡೆಯ ತೋಟಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲೆ ನೋಡಬೇಕು. ಬೋರಾನ್ ಕೊರತೆ ಹೊಸ ಎಲೆಯಲ್ಲಿ ಕಾಣಿಸುತ್ತದೆ. ಹೆಚ್ಚಾದದ್ದು ಹಳೆಯ ಎಲೆಯ ತುದಿ ಮತ್ತು ಅಂಚಿನಲ್ಲಿ ಸುಟ್ಟಂತೆ ಕಾಣಿಸುತ್ತದೆ. ಬೇರು ಹೀರಿದ ಬೋರಾನ್ ನೀರಿನೊಂದಿಗೆ ಮೇಲೇರಿ, ನೀರು ಆವಿಯಾಗುವ ಎಲೆಯಂಚಿನಲ್ಲೇ ಉಳಿದುಬಿಡುವುದು ಇದಕ್ಕೆ ಕಾರಣ. ಪೊಟ್ಯಾಷ್ ಕೊರತೆಯೂ ಹಳೆಯ ಎಲೆಯ ಅಂಚನ್ನೇ ಸುಡುವುದರಿಂದ ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ತೋಟದಲ್ಲಿ ನಿಂಬೆ ಗಿಡವಿದ್ದರೆ ಅದರ ಹಳೆಯ ಎಲೆಯನ್ನು ಮಗುಚಿ ನೋಡಿ: ತುದಿ ಹಳದಿಯಾಗಿ, ಅಡಿಭಾಗದಲ್ಲಿ ಅಂಟಿನಂತಹ ಸಣ್ಣ ಕಂದು ಚುಕ್ಕೆಗಳಿದ್ದರೆ ಬೋರಾನಿನ ಮೇಲೆಯೇ ಸಂಶಯ ಪಡಬೇಕು. ನಿಂಬೆಯ ಜಾತಿಗೆ ಹೆಚ್ಚಿನ ಬೋರಾನ್ ಆಗಿಬರುವುದಿಲ್ಲ.

ಸಂಶಯ ಬಂದ ಮೇಲೆ ಕುಂಡದ ಪರೀಕ್ಷೆ. ಬೋರಾಕ್ಸ್ ಹಾಕಿದ ಬುಡದ ಸುತ್ತ ನಾಲ್ಕೈದು ಕಡೆಯಿಂದ ಗೇಣುದ್ದದ ಆಳದವರೆಗಿನ ಮಣ್ಣನ್ನು ತೆಗೆದು ಬೆರೆಸಿ ಎರಡು ಕುಂಡಗಳಿಗೆ ತುಂಬಿ. ಬೋರಾಕ್ಸ್ ಎಂದೂ ಬೀಳದ ಜಾಗದ ಅದೇ ಬಗೆಯ ಮಣ್ಣನ್ನು ಇನ್ನೆರಡಕ್ಕೆ ತುಂಬಿ. ಪ್ರತಿ ಜೋಡಿಯಲ್ಲಿ ಒಂದಕ್ಕೆ ಬೀನ್ಸ್, ಇನ್ನೊಂದಕ್ಕೆ ಟೊಮೆಟೊ. ಮಣ್ಣಿನ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಆಸುಪಾಸಿನ ಬೋರಾನಿಗೇ ಬೀನ್ಸ್ ಸೊರಗತೊಡಗಿದರೆ, ಟೊಮೆಟೊ 5 ಮಿ.ಗ್ರಾಂ. ದಾಟುವವರೆಗೂ ತಾಳುತ್ತದೆ. ಅಲಸಂಡೆ ಇವೆರಡರ ನಡುವಿನದು. ಮನೆಯಲ್ಲಿ ಬೀಜವಿದೆಯೆಂದು ಬೀನ್ಸಿನ ಬದಲು ಅದನ್ನೇ ಬಿತ್ತಬೇಡಿ, ಉತ್ತರ ಮಸುಕಾಗುತ್ತದೆ. ಹಟ್ಟಿಗೊಬ್ಬರವನ್ನಾಗಲೀ ಸುಡುಮಣ್ಣನ್ನಾಗಲೀ ಸೇರಿಸಬಾರದು. ಬೂದಿಯಲ್ಲಿಯೂ ಬೋರಾನ್ ಇರುತ್ತದೆಂಬುದು ಅನೇಕರಿಗೆ ಹೊಳೆಯುವುದಿಲ್ಲ.

ಪರೀಕ್ಷೆ ಕೆಡುವುದು ನೀರು ಹಾಕುವಾಗ. ಕುಂಡದ ತಳದಿಂದ ಸೋರಿದ ನೀರು ಬೋರಾನನ್ನೂ ಒಯ್ಯುವುದರಿಂದ, ದಿನಾ ಧಾರಾಳ ನೀರು ಕುಡಿದ ಬೀನ್ಸ್ ಎರಡೇ ವಾರದಲ್ಲಿ ಚೇತರಿಸಿಕೊಂಡು ‘ಮಣ್ಣಿನಲ್ಲಿ ದೋಷವಿಲ್ಲ’ ಎಂಬ ಸುಳ್ಳು ಸಾಕ್ಷಿ ಹೇಳುತ್ತದೆ. ತಳಕ್ಕೆ ತಟ್ಟೆಯಿಟ್ಟು, ಅದರಲ್ಲಿ ನಿಂತ ನೀರನ್ನು ಮತ್ತೆ ಅದೇ ಕುಂಡಕ್ಕೆ ಸುರಿಯಿರಿ. ಬಿಸಿಲು ಬೀಳುವ, ಮಳೆ ತಾಗದ ಜಗಲಿಯ ಅಂಚು ಕುಂಡಗಳಿಗೆ ಸರಿಯಾದ ಜಾಗ. ಮೂರ್ನಾಲ್ಕು ವಾರಗಳಲ್ಲಿ ಸಂಶಯದ ಮಣ್ಣಿನ ಬೀನ್ಸಿನ ಮೊದಲ ಎಲೆಗಳ ಅಂಚು ಹಳದಿಯಾಗಿ, ಬಳಿಕ ಕಾಗದದಂತೆ ಒಣಗಿ, ಪಕ್ಕದ ಟೊಮೆಟೊವೂ ಬೋರಾಕ್ಸ್ ಬೀಳದ ಮಣ್ಣಿನ ಬೀನ್ಸೂ ಹಸಿರಾಗಿಯೇ ಇದ್ದರೆ ಬೋರಾನಿನ ಮೇಲಿನ ಸಂಶಯ ಗಟ್ಟಿಯಾಯಿತು. ಎರಡೂ ಸೊರಗಿದರೆ ಬೇರೇನೋ ಇದೆ, ಅಥವಾ ಬೋರಾನ್ ಮಿತಿಮೀರಿದೆ. ಆಗ ಪ್ರಯೋಗಾಲಯಕ್ಕೆ ಮಣ್ಣು ಕಳುಹಿಸುವುದೇ ದಾರಿ.

ಒಂದೇ ಮಣ್ಣಿನಲ್ಲಿ ಒಂದು ಸುಟ್ಟು ಇನ್ನೊಂದು ತಾಳುವುದೇಕೆ ಎಂಬುದಕ್ಕೆ ಒಳ್ಳೆಯ ವಿವರಣೆ ಸಿಕ್ಕಿದ್ದು ಬಾರ್ಲಿಯಲ್ಲಿ. ಅಲ್ಜೀರಿಯಾ ಮೂಲದ ಸಹಾರಾ ಎಂಬ ಬಾರ್ಲಿ ತಳಿಯಲ್ಲಿ ಬಾಟ್1 ಎಂಬ ವಂಶವಾಹಿಯ ಸುಮಾರು ನಾಲ್ಕು ಪ್ರತಿಗಳಿರುವುದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಈ ವಂಶವಾಹಿಯಿಂದ ತಯಾರಾಗುವ ಪ್ರೋಟೀನು ಬೇರಿನ ಕೋಶದೊಳಗೆ ಬಂದ ಬೋರಾನನ್ನು ಹೊರಕ್ಕೆ ದಬ್ಬುತ್ತದೆ. ಜೊತೆಗೆ, ಬೋರಾನ್ ಒಳಬರುವ ಒಂದು ದಾರಿಯನ್ನೂ ಈ ತಳಿ ಕಿರಿದು ಮಾಡಿಕೊಂಡಿದೆ. ತಾಳಿಕೆಯೆಂದರೆ ವಿಷವನ್ನು ಅರಗಿಸಿಕೊಳ್ಳುವುದಲ್ಲ, ಬಹುಮಟ್ಟಿಗೆ ಹೊರಗೇ ಇಡುವುದು. ಆದ್ದರಿಂದ ತಾಳುವ ಗಿಡ ನೆಟ್ಟರೆ ಅದು ಮಣ್ಣಿನ ಬೋರಾನನ್ನೆಲ್ಲ ಹೀರಿ ಶುದ್ಧ ಮಾಡಿಕೊಡುತ್ತದೆಂದು ನಂಬಬೇಡಿ.

ಮಣ್ಣು ಶುದ್ಧವಾಗಬೇಕಾದರೆ ನೀರೇ ಬೇಕು. ಬೋರಾನನ್ನು ತೊಳೆಯಲು ಸಾಮಾನ್ಯ ಉಪ್ಪಿಗೆ ಬೇಕಾಗುವ ನೀರಿನ ಸುಮಾರು ಮೂರು ಪಟ್ಟು ಬೇಕು. ನಮ್ಮ ಮಳೆಗಾಲಕ್ಕೆ ಅದು ದೊಡ್ಡ ಮಾತಲ್ಲ, ಗುಡ್ಡದ ಬದಿಯ ಜಲ್ಲಿಮಣ್ಣಿನಲ್ಲಂತೂ ಅಲ್ಲ. ಗದ್ದೆ ತುಂಬಿಸಿ ಮಾಡಿದ ಜೇಡಿಮಣ್ಣಿನ ತೋಟದಲ್ಲಿ ಮಾತ್ರ ಮಳೆಗೆ ಮೊದಲೇ ಬಸಿಗಾಲುವೆಯ ಹೂಳು ತೆಗೆಯಬೇಕು. ಮಳೆಗೆ ಮುಂಚೆ ಸುಣ್ಣ ಹಾಕುವ ಪದ್ಧತಿಯನ್ನು ಆ ಒಂದು ವರ್ಷ ಮುಂದೂಡುವುದು ನನ್ನ ಸಲಹೆ. ಸುಣ್ಣ ಬಿದ್ದ ಮಣ್ಣು ಬೋರಾನನ್ನು ಬಿಗಿಹಿಡಿದು, ತೊಳೆದುಹೋಗಲು ಬಿಡುವುದಿಲ್ಲ. ಮಳೆ ಕಳೆದ ಮೇಲೆ ಹಾಕಿದರಾಯಿತು, ಆಗ ಆ ಹಿಡಿತವೇ ಬೇರನ್ನು ಕಾಯುತ್ತದೆ. ತುದಿ ಸುಟ್ಟ ಎಲೆಗಳನ್ನು ಗುಡಿಸಿ ಅದೇ ಬುಡಕ್ಕೆ ಒಟ್ಟುವುದು ಬೇಡ, ಹೆಚ್ಚಿನ ಬೋರಾನ್ ಕುಳಿತಿರುವುದು ಅಲ್ಲಿಯೇ. ಅಷ್ಟರವರೆಗೆ ಆ ಜಾಗದಲ್ಲಿ ಟೊಮೆಟೊ, ಬೀಟ್‌ರೂಟ್ ಬೆಳೆಯಬಹುದು. ನಿಂಬೆ, ಬೀನ್ಸ್ ಬೇಡ.

ಮುಂದೆ ಎಂದಾದರೂ ಬೋರಾಕ್ಸ್ ಬೇಕೆನಿಸಿದರೆ ತಕ್ಕಡಿಯಲ್ಲಿ ತೂಗಿಯೇ ಹಾಕಿ. ಬೋರಾಕ್ಸಿನಲ್ಲಿ ಬೋರಾನ್ ಸುಮಾರು ಶೇ. 11 ಮಾತ್ರ, ಎಲೆಗೆ ಸಿಂಪಡಿಸಲು ಮಾರುವ ಪುಡಿಯಲ್ಲಿ ಶೇ. 20. ಅಂಗಡಿಯಲ್ಲಿ ‘ಎರಡೂ ಒಂದೇ’ ಎಂದು ಕೊಟ್ಟದ್ದನ್ನು ಅದೇ 50 ಗ್ರಾಂ ಲೆಕ್ಕದಲ್ಲಿ ಸುರಿದರೆ, ಬುಡಕ್ಕೆ ಐದೂವರೆ ಗ್ರಾಮಿನ ಬದಲು ಹತ್ತು ಗ್ರಾಂ ಬೋರಾನ್ ಬಿದ್ದಿರುತ್ತದೆ. ಲಘು ಪೋಷಕಾಂಶಗಳ ಮಿಶ್ರಣವನ್ನು ಈಗಾಗಲೇ ಕೊಡುತ್ತಿದ್ದರೆ ಚೀಲದ ಹಿಂಬದಿಯನ್ನು ಓದಿ; ಅದರಲ್ಲಿ ಬೋರಾನ್ ಇದ್ದರೆ ಬೋರಾಕ್ಸಿನ ಪೊಟ್ಟಣವನ್ನು ಬಿಚ್ಚಲೇಬೇಡಿ.