ನಾನು ನೋಡದ ಊರಿನ ಪದ್ಯ

ನಮ್ಮೂರು ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅಜ್ಜ, ಅಜ್ಜಿ ಊರು ಬಿಟ್ಟು ಶಿವಮೊಗ್ಗದ ಕಡೆ ಬಂದಾಗಿತ್ತು. ನಾನು ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಆದರೂ ಇಲ್ಲಿ ನಮ್ಮನ್ನು ಗುರುತಿಸುವುದು ‘ಮುಳುಗಡೆಯವರು’ ಅಂತಲೇ. ಕಣ್ಣಲ್ಲಿ ನೋಡದ ಊರನ್ನು ಹೊತ್ತುಕೊಂಡು ಪದ್ಯ ಬರೆಯಲು ನಾನು ಕಂಡುಕೊಂಡ ದಾರಿ ಇದು.

ಮೊದಲು ಹೆಸರುಗಳನ್ನು ಕೂಡಿಹಾಕಿದೆ. ಊರು ಹೇಗಿತ್ತು ಅಂತ ಹಿರಿಯರನ್ನು ಕೇಳಿದರೆ ‘ಚೆನ್ನಾಗಿತ್ತು’ ಅಂದು ಸುಮ್ಮನಾಗುತ್ತಾರೆ. ಯಾವ ಗದ್ದೆಗೆ ಏನು ಹೆಸರು, ಸೊಪ್ಪಿಗೆ ಯಾವ ಕಾನಿಗೆ ಹೋಗ್ತಿದ್ರಿ, ಮಳೆ ಕೈಕೊಟ್ಟ ವರ್ಷ ಮಕ್ಕಿಗದ್ದೆ ಏನಾಗ್ತಿತ್ತು ಅಂತ ಕೇಳಿ ನೋಡಿ, ರಾತ್ರಿ ಊಟ ತಣ್ಣಗಾದರೂ ಮಾತು ನಿಲ್ಲುವುದಿಲ್ಲ. ಅದನ್ನೆಲ್ಲ ಅವರ ಮಾತಲ್ಲೇ ಬರೆದುಕೊಂಡೆ. ‘ಹಸಿರು’, ‘ಸ್ವರ್ಗ’ ಇಂಥವನ್ನು ದೂರ ಇಟ್ಟೆ. ಮಲೆನಾಡಿನ ಬಗ್ಗೆ ಬರೆಯುವವರಿಗೆ ಅವು ಸ್ವಲ್ಪ ಜಾಸ್ತಿಯೇ ಸುಲಭವಾಗಿ ಸಿಗುತ್ತವೆ, ಅಲ್ವಾ?

ಪದ್ಯಕ್ಕೆ ನಿಜವಾಗಿ ದಾರಿ ತೋರಿಸಿದ್ದು ಅಜ್ಜಿ ಮಾತಾಡುವ ರೀತಿ. ‘ನಮ್ಮನೆ ಬಾಗಿಲು ಪೂರ್ವಕ್ಕಿದೆ’ ಅನ್ನುತ್ತಿದ್ದಳು. ‘ಇತ್ತು’ ಅಂದದ್ದು ನಾನು ಕೇಳಿಲ್ಲ. ನೀರಿನಡಿಯ ಮನೆ ಅವಳಿಗೆ ಇದೆ. ಇಲ್ಲಿನ ಮನೆಯಲ್ಲಿ ಮಾತ್ರ ಕೊನೆವರೆಗೂ ನೆಂಟರ ಹಾಗೆ ಇದ್ದಳು. ನಾವು ದೀವರು, ಮಲೆನಾಡಿನ ಒಂದು ಬೇಸಾಯದ ಸಮುದಾಯ. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆದು, ಈ ಕಡೆಯ ಗದ್ದೆಗೆ ಎಡೆ ಇಡುವಾಗಲೂ ಅವಳ ಬಾಯಲ್ಲಿ ಬರುತ್ತಿದ್ದದ್ದು ಹಳೇ ಗದ್ದೆಯ ಹೆಸರು. ಹಾಗಾಗಿ ನನ್ನ ಪದ್ಯದಲ್ಲಿ ಮುಳುಗಿದ್ದೆಲ್ಲ ‘ಇದೆ’. ‘ನಾನು’ ಬರುವುದು ತಡವಾಗಿ, ಅದೂ ಹೊರಗಿನವನಾಗಿ:

ಇವತ್ತು ನೀರು ಇಳಿದಿದೆ.
ಬಾಗಿಲು ಪೂರ್ವಕ್ಕಿದೆ.
ಒಳಗೆ ಬನ್ನಿ ಅಂದೆ ಯಾರಿಗೋ.
ಆ ಹೊಸ್ತಿಲು ನಾನು ದಾಟಿದವನಲ್ಲ.

ಪದ್ಯದ ಕಟ್ಟಡ ಸಿಕ್ಕಿದ್ದು ಪೇಪರಿನಿಂದ. ಮಳೆಗಾಲದಲ್ಲಿ ಲಿಂಗನಮಕ್ಕಿಯ ಮಟ್ಟ ಎಷ್ಟಾಯಿತು ಅಂತ ಬರುತ್ತದಲ್ಲ, ಅದು. ತುಂಬಿದರೆ 1819 ಅಡಿ. ಪದ್ಯ ಅಲ್ಲಿ ಶುರುವಾಗಿ ಇಳಿಯುತ್ತಾ ಹೋಗುತ್ತದೆ. ಮೊದಲ ನುಡಿಯಲ್ಲಿ ಬರೀ ನೀರು, 2025ರಲ್ಲಿ ಸೇತುವೆ ಆಗುವವರೆಗೆ ಸಿಗಂದೂರಿಗೆ ಹೋಗುತ್ತಿದ್ದ ಲಾಂಚು. ಆಮೇಲೆ ಒಣಗಿದ ಮರದ ಬೊಡ್ಡೆ, ಹಳೇ ರಸ್ತೆ. ಕೊನೆಯಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಇದೇ ನದಿಗೆ 1948ರಲ್ಲಿ ಕಟ್ಟಿದ್ದು, ಲಿಂಗನಮಕ್ಕಿ ಬಂದ ಮೇಲೆ ಅದೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಎದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಣೆಕಟ್ಟನ್ನೇ ಅಣೆಕಟ್ಟು ಮುಳುಗಿಸಿದ ಕಡೆ ನಾನು ಉಪಮೆ ಹುಡುಕಲು ಹೋಗಲಿಲ್ಲ.

ಆ ದಿನಗಳಲ್ಲಿ ಪ್ಯಾಲೆಸ್ಟೀನಿನ ಕವಿ ಮಹಮೂದ್ ದರ್ವೀಶ್‌ರನ್ನು ಓದುತ್ತಿದ್ದೆ. 1948ರಲ್ಲಿ ಅವರ ಊರು ಅಲ್-ಬಿರ್ವಾ ಹಾಳಾಯಿತು. ಮನೆಯವರು ಲೆಬನಾನಿಗೆ ಓಡಿ, ವಾಪಸು ಬಂದರೆ ಕಾನೂನಿನ ಲೆಕ್ಕದಲ್ಲಿ ಇದ್ದೂ ಇಲ್ಲದವರು. ಅವರ ಕಷ್ಟಕ್ಕೂ ನಮ್ಮದಕ್ಕೂ ಹೋಲಿಕೆ ಬೇಡ. ಅಲ್ಲಿ ಯುದ್ಧ, ಇಲ್ಲಿ ಕರೆಂಟು. ಆದರೆ ಕಡತದಲ್ಲಿ ಇಲ್ಲದ ಮನುಷ್ಯ ಪದ್ಯದಲ್ಲಿ ತನ್ನ ಹೆಸರನ್ನು ಎಷ್ಟು ಗಟ್ಟಿಯಾಗಿ ಹೇಳಬಹುದು ಅನ್ನೋದನ್ನು ಅವರಿಂದ ಕಲಿತೆ.

ಮನೆಯಲ್ಲಿ ಓದಿದಾಗ ಮಾವ ಕೇಳಿದರು, ‘ಎಲ್ಲಾ ಸರಿ ಮಾರಾಯ, ಈ ಕಡೆ ಜಮೀನಿನ ಹಕ್ಕುಪತ್ರದ ವಿಷಯ ಯಾಕೆ ಬರೀಲಿಲ್ಲ?’ ಕೇಳಬೇಕಾದ್ದೇ. ಮುಳುಗಡೆಯವರಿಗೆ ಕೊಟ್ಟಿದ್ದರಲ್ಲಿ ಕಾಡುಜಮೀನೇ ಬಹಳ. ಅದರ ಹಕ್ಕಿನ ತಕರಾರು ಎಷ್ಟೋ ಮನೆಗಳಿಗೆ ಇನ್ನೂ ಮುಗಿದಿಲ್ಲ. ಒಂದು ಊರು ನೀರಿನಡಿ, ಇನ್ನೊಂದು ಕಾಗದದಲ್ಲಿಲ್ಲ.

ಈಗ ಬರೆಯುತ್ತಿರುವುದು ಈ ಕಡೆಯ ಪದ್ಯ. ಅದರಲ್ಲಿ ಸರ್ವೆ ನಂಬರ್ ಇದೆ, ತಾಲ್ಲೂಕು ಆಫೀಸಿನ ಮೆಟ್ಟಿಲಿದೆ, ಅರ್ಜಿ ಹಿಡಿದ ಮಾವ ಇದ್ದಾರೆ. ಇದರಲ್ಲಿ ‘ನಾನು’ ಮೊದಲ ಸಾಲಿಗೇ ಬಂದಿದ್ದೇನೆ.