ನೆರೆ ಇಳಿದ ಮೇಲೆ ಕಾಳಜಿ ಕೇಂದ್ರದಲ್ಲೊಂದು ಆರೈಕೆ ಮೂಲೆ: ಮಾಡುವುದು ಹೇಗೆ?

2020ರ ಸೆಪ್ಟೆಂಬರ್ 20ರಂದು ಉಡುಪಿಗೆ ನೆರೆ ನುಗ್ಗಿದ್ದನ್ನು ಕರಾವಳಿಯವರು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ನಮ್ಮ ಯುವಕ ಮಂಡಲಗಳು, ಭಜನಾ ಮಂಡಳಿಗಳು ಕರೆಯದೇ ಓಡಿ ಬರುತ್ತವೆ. ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದರೆ ಸಾಕು, ಅಕ್ಕಿ, ಚಾಪೆ, ಬೆಡ್‌ಶೀಟ್ ಎಲ್ಲ ಬಂದು ಬೀಳುತ್ತದೆ. ಆರೋಗ್ಯದ ವಿಷಯದಲ್ಲಿ ಮಾತ್ರ ಗಡಿಬಿಡಿ. ಒಬ್ಬರು ಕಷಾಯ ತರುತ್ತಾರೆ, ಇನ್ನೊಬ್ಬರು ನೋವಿನ ಮಾತ್ರೆ ಹಂಚುತ್ತಾರೆ, ಮತ್ತೊಬ್ಬರು ಯೋಗ ಹೇಳಿಕೊಡಲು ಸಿದ್ಧ. ಎಲ್ಲರ ಮನಸ್ಸೂ ಒಳ್ಳೆಯದೇ. ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳುವವರು ಇರುವುದಿಲ್ಲ.

ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳಿಗೆ ಒಂದು ಅನುಕೂಲ ಉಂಟು. ಮಣಿಪಾಲ, ವೆನ್ಲಾಕ್‌ನಂಥ ದೊಡ್ಡ ಆಸ್ಪತ್ರೆಗಳಿವೆ. ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜು, ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜು. ಮಂಗಳೂರಿನ ಕಂಕನಾಡಿಯಲ್ಲಂತೂ 1880ರಿಂದ ಹೋಮಿಯೋಪತಿ ನಡೆದು ಬಂದಿದೆ. ಇವರನ್ನೆಲ್ಲ ಒಂದೇ ಸೂರಿನಡಿ ಸೇರಿಸುವುದು ಇಲ್ಲಿ ಕಷ್ಟವಲ್ಲ. ಸರದಿ ತಪ್ಪದಂತೆ ನೋಡಿಕೊಳ್ಳುವುದೇ ಕೆಲಸ.

ಮೊದಲು ಒಂದು ಕೋಣೆ, ಒಂದು ಚೀಟಿ

ಆರೈಕೆ ಮೂಲೆಗೆ ಗಾಳಿ ಬೆಳಕು ಬರುವ ಒಂದು ತರಗತಿ ಕೋಣೆ ಕೇಳಿ ಪಡೆಯಿರಿ. ಎರಡು ಬೆಂಚು, ಒಂದು ಪರದೆ, ಕೈ ತೊಳೆಯಲು ನೀರು ಮತ್ತು ಸಾಬೂನು ಇದ್ದರೆ ಶುರು ಮಾಡಬಹುದು. ಬಂದವರಿಗೆ ತಲಾ ಒಂದು ಚೀಟಿ ಮಾಡಿ. ಹೆಸರು, ವಯಸ್ಸು, ಮೊದಲಿಂದ ಇರುವ ಕಾಯಿಲೆ, ದಿನಾ ತೆಗೆದುಕೊಳ್ಳುವ ಮಾತ್ರೆ. ಇಂಗ್ಲಿಷ್ ಮದ್ದು, ಆಯುರ್ವೇದ, ಹೋಮಿಯೋಪತಿ, ಹಳ್ಳಿ ಮದ್ದು, ಎಲ್ಲವೂ ಅದೇ ಚೀಟಿಯಲ್ಲಿ ಬರಬೇಕು. ಬೇರೆ ಬೇರೆ ಪುಸ್ತಕ ಬೇಡ.

ಯಾಕೆ ಅಂದರೆ, ಕೆಮ್ಮಿಗೆ ಅಂತ ಕೊಡುವ ಕಷಾಯದಲ್ಲಿ ಎಷ್ಟೋ ಸಲ ಜೇಷ್ಠಮಧು ಇರುತ್ತದೆ, ಅದು ಜಾಸ್ತಿಯಾದರೆ ಬಿ.ಪಿ. ಏರುತ್ತದೆ. ಬಿ.ಪಿ. ಮಾತ್ರೆ ಮನೆಯ ಜೊತೆ ನೀರುಪಾಲಾಗಿರುವ ಅಜ್ಜಿಗೆ ಯಾರೋ ಪ್ರೀತಿಯಿಂದ ದಿನಕ್ಕೆ ನಾಲ್ಕು ಲೋಟ ಅದನ್ನೇ ಕುಡಿಸಿದರೆ ಏನಾದೀತು ಯೋಚಿಸಿ. ಚೀಟಿ ನೋಡಿದ ಯಾವ ವೈದ್ಯರಿಗೂ ಇದು ಥಟ್ಟನೆ ತಿಳಿಯುತ್ತದೆ. ಸಕ್ಕರೆ ಕಾಯಿಲೆ, ಅಸ್ತಮಾ, ಅಪಸ್ಮಾರ, ಮಾನಸಿಕ ಕಾಯಿಲೆಯ ಮಾತ್ರೆಗಳು ಕಳೆದುಹೋಗಿದ್ದರೆ ಅವತ್ತೇ ತರಿಸಿ. ಅಪಸ್ಮಾರದ ಮಾತ್ರೆ ಹಠಾತ್ತಾಗಿ ನಿಂತರೆ ಫಿಟ್ಸ್ ಬರುವ ಅಪಾಯ ದೊಡ್ಡದು.

ಎಣ್ಣೆ ತಿಕ್ಕುವ ಮುಂಚೆ ಜ್ವರ ನೋಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಕೆಸರು ನೀರಿನಲ್ಲಿ ಗಂಟೆಗಟ್ಟಲೆ ನಿಂತವರಿಗೆ ಕಾಲು ನೋವು ಇರುವುದು ಸಹಜ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ದರೆ ಹಾಯೆನಿಸುತ್ತದೆ, ನಿಜ. ಆದರೆ ಮೀನಖಂಡ ಮುಟ್ಟಿದರೆ ಜೀವ ಹೋಗುವಷ್ಟು ನೋವು, ಜೊತೆಗೆ ಜ್ವರ, ಕಣ್ಣು ಕೆಂಪು ಇದ್ದರೆ ಅದು ಇಲಿ ಮೂತ್ರ ಸೇರಿದ ನೀರಿನಿಂದ ಬರುವ ಇಲಿ ಜ್ವರ ಇರಬಹುದು. ನಮ್ಮ ಕರಾವಳಿಗೆ ಅದು ಹೊಸತಲ್ಲ. ಅಂಥವರಿಗೆ ಮಸಾಜೂ ಬೇಡ, ನೋವಿನ ಮಾತ್ರೆಯೂ ಬೇಡ, ನೇರ ಆಸ್ಪತ್ರೆ. ಕಣ್ಣು ಹಳದಿಯಾದರೆ ಕಾಮಾಲೆ ಅಂತ ಹಳ್ಳಿ ಮದ್ದಿಗೆ ಕರೆದೊಯ್ಯುವ ರೂಢಿ ನಮ್ಮಲ್ಲಿ ಉಂಟು. ನೆರೆಯ ನಂತರದ ವಾರಗಳಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಇಲಿ ಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ, ಕಿಡ್ನಿ ಕೈಕೊಡುತ್ತದೆ, ಎರಡು ದಿನ ತಡವಾದರೂ ಜೀವಕ್ಕೆ ಕುತ್ತು.

ಗಾಯವಿದ್ದರೆ ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು ಟಿಟಿ ಇಂಜೆಕ್ಷನ್‌ಗೆ ಕಳಿಸಿ. ತೆರೆದ ಗಾಯಕ್ಕೆ ಸೊಪ್ಪು, ಕಾಫಿಪುಡಿ ಏನೂ ಮೆತ್ತಬೇಡಿ. ಹಾವು ಕಚ್ಚಿದರೆ 108, ಬೇರೆ ಮಾತೇ ಇಲ್ಲ.

ಊಟದ ಬಗ್ಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. ಬಿಸಿ ಬಿಸಿ ಕುಚ್ಚಲಕ್ಕಿ ಗಂಜಿ, ತಿಮರೆ (ಒಂದೆಲಗ) ಚಟ್ನಿ ಕೊಟ್ಟರೆ ಹೊಟ್ಟೆಗೂ ಹಿತ, ಮನಸ್ಸಿಗೂ ಮನೆಯ ನೆನಪು. ಭೇದಿಯಾದರೆ ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚದ ಅಳತೆ.

ಮಾತು ಅವರಾಗಿಯೇ ಶುರು ಮಾಡಲಿ

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮನಸ್ಸಿನ ಪ್ರಥಮ ಚಿಕಿತ್ಸೆಗೆ ಒಂದು ಕೈಪಿಡಿ ಮಾಡಿತು. ಅದರ ಸಾರ ಮೂರೇ ಮಾತು: ನೋಡು, ಕೇಳು, ಜೋಡಿಸು. ಯಾರು ಒಬ್ಬರೇ ಕೂತಿದ್ದಾರೆ ನೋಡಿ. ಪಕ್ಕದಲ್ಲಿ ಕೂತು, ಹೇಳಿದ್ದನ್ನು ಕೇಳಿ. ಬೇಕಾದ ಜನರಿಗೆ, ಬೇಕಾದ ಸಹಾಯಕ್ಕೆ ಜೋಡಿಸಿ. "ಏನಾಯಿತು ಹೇಳಿ ಅಕ್ಕಾ" ಅಂತ ಕೆದಕಬಾರದು. ನಡೆದದ್ದನ್ನೆಲ್ಲ ಒಮ್ಮೆ ಹೇಳಿಸಿಬಿಟ್ಟರೆ ಮನಸ್ಸು ಹಗುರ ಆಗುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ, ಒತ್ತಾಯದಿಂದ ಹೇಳಿಸಿದರೆ ಕೆಲವರಿಗೆ ತೊಂದರೆಯೇ ಜಾಸ್ತಿ. ಮೊಬೈಲ್ ಕ್ಯಾಮೆರಾ ಕೋಣೆಯ ಹೊರಗಿರಲಿ. ನಿದ್ದೆ ಬರುತ್ತಿಲ್ಲ ಅಂದ ಕೂಡಲೇ ನಿದ್ದೆ ಮಾತ್ರೆ ಕೊಡುವುದೂ ಸರಿಯಲ್ಲ. ಪ್ರಾರ್ಥನೆಯಿಂದ ಸಮಾಧಾನ ಆಗುವವರಿಗೆ ಅದಕ್ಕೆ ಜಾಗ ಮಾಡಿಕೊಡಿ, ಕೋಣೆಯಲ್ಲಿ ದೈವವನ್ನು ನಂಬುವವರೂ ಚರ್ಚಿಗೆ, ಮಸೀದಿಗೆ ಹೋಗುವವರೂ ಇರುತ್ತಾರೆ ಎಂಬ ನೆನಪಿನೊಂದಿಗೆ.

ಇದಾದ ಮೇಲೆ ಉಸಿರಾಟ, ಯೋಗ. 2004ರ ಸುನಾಮಿಯ ನಂತರ ಅಂಡಮಾನಿನಲ್ಲಿ 47 ಸಂತ್ರಸ್ತರಿಗೆ ಒಂದು ವಾರ ಯೋಗ ಮಾಡಿಸಿ ನೋಡಿದಾಗ ಭಯ, ಆತಂಕ, ದುಃಖ, ನಿದ್ದೆಯ ತೊಂದರೆ ಕಡಿಮೆಯಾಗಿತ್ತು. 2008ರ ಬಿಹಾರದ ನೆರೆಯ ನಂತರ 22 ಜನರ ಮೇಲೆ ನಡೆದ ಅಧ್ಯಯನದಲ್ಲೂ ಯೋಗ ಮಾಡಿದವರ ದುಃಖ ತಗ್ಗಿತು, ಮಾಡದವರಲ್ಲಿ ಆತಂಕ ಏರಿತು. ಚಿಕ್ಕ ಗುಂಪುಗಳು, ಹಾಗಾಗಿ ಇದನ್ನು ಪವಾಡ ಅಂತ ಸಾರಬೇಡಿ. ಖರ್ಚಿಲ್ಲದ, ಹಿತವಾದ ಉಪಾಯ ಅಂತ ಹೇಳಿಕೊಡಿ.

ಸುಲಭದ ವಿಧಾನ ಹೀಗೆ. ಬೆನ್ನು ಗೋಡೆಗೆ ಒರಗಿರಲಿ, ಪಾದ ನೆಲಕ್ಕೆ ತಾಗಿರಲಿ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಐದು ನಿಮಿಷ ಸಾಕು. ಕಣ್ಣು ಮುಚ್ಚಿ ಅಂತ ಹೇಳಬೇಡಿ, ಮುಚ್ಚಿದೊಡನೆ ನೀರು ಕಾಣುವವರು ಇರುತ್ತಾರೆ. ಕಿಟಕಿಯ ಸರಳನ್ನೋ ಹೊರಗಿನ ಮರವನ್ನೋ ನೋಡುತ್ತಾ ಮಾಡಲಿ. ಕಪಾಲಭಾತಿಯಂಥ ರಭಸದ್ದು ಈಗ ಬೇಡ. ಬೆನ್ನು, ಕೈ ಒತ್ತಿಕೊಡುವುದಿದ್ದರೆ ಮೊದಲು ಕೇಳಿ, ಹೆಂಗಸರಿಗೆ ಹೆಂಗಸರೇ ಇರಲಿ. ಅಮೆರಿಕದಲ್ಲಿ 2001ರ ದಾಳಿಯ ನಂತರ, 2005ರ ಕತ್ರಿನಾ ಚಂಡಮಾರುತದ ನಂತರ ಕಿವಿಯ ಐದು ಬಿಂದುಗಳಿಗೆ ಸೂಜಿ ಹಾಕುವ ಅಕ್ಯುಪಂಕ್ಚರ್ ಶಿಬಿರಗಳನ್ನೂ ನಡೆಸಿದ್ದರು. ತರಬೇತಾದವರು, ಒಮ್ಮೆ ಬಳಸಿ ಎಸೆಯುವ ಸೂಜಿ, ಎರಡೂ ಇದ್ದರಷ್ಟೇ ಅದಕ್ಕೆ ಕೈ ಹಾಕಿ.

ದೋಣಿ ಇಳಿಸಿದವರನ್ನೂ ಕೂರಿಸಿ

ಅಗ್ನಿಶಾಮಕ ದಳ, ಗೃಹರಕ್ಷಕರು, 108ರ ಸಿಬ್ಬಂದಿ, ಲೈನ್‌ಮ್ಯಾನ್, ದೋಣಿ ತಂದ ಮೀನುಗಾರರು, ಮುಳುಗು ಹಾಕುವವರು. ಇವರು ತಾವಾಗಿ ಕೋಣೆಗೆ ಬರುವುದಿಲ್ಲ. "ನಮಗೆಂತ ಆಗಿದೆ?" ಅನ್ನುತ್ತಾರೆ. ಚಾ, ಒಣಗಿದ ಬಟ್ಟೆ, ಒಣಗಿದ ಸಾಕ್ಸ್ ಇಟ್ಟು ಕರೆಯಿರಿ, ಕಾಲು ತೋರಿಸುವ ನೆಪದಲ್ಲಿ ಕೂರುತ್ತಾರೆ. ಬೆರಳ ಸಂದಿ ನೀರು ತಿಂದು ಬೆಳ್ಳಗಾಗಿ ಬಿರಿದಿರುತ್ತದೆ, ಇಲಿ ಜ್ವರ ಒಳಗೆ ಬರುವ ಬಾಗಿಲೇ ಅದು. ನೀರಿಗೆ ಇಳಿಯುತ್ತಲೇ ಇರುವವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮುಂಜಾಗ್ರತೆಗೆ ಕೊಡುವ ಕ್ರಮ ಉಂಟು. ಅದನ್ನು ವೈದ್ಯರೇ ನಿರ್ಧರಿಸಬೇಕು, ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಆಗುವುದಿಲ್ಲ.

2010ರ ಮೇ 22ರಂದು ಮಂಗಳೂರು ಹತ್ತಿರದ ಕೆಂಜಾರಿನಲ್ಲಿ ವಿಮಾನ ಬಿದ್ದು 158 ಜನ ತೀರಿಕೊಂಡಾಗ, ಬದುಕುಳಿದ 8 ಜನರ ನೆರವಿಗೆ ಓಡಿದವರಲ್ಲಿ ಅಕ್ಕಪಕ್ಕದ ಊರಿನವರೂ ಇದ್ದರು. ಯೂನಿಫಾರ್ಮ್ ಇಲ್ಲದ ಇಂಥವರನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ನೀವು ಬರೆದುಕೊಳ್ಳಿ. ಹೆಣ ಎತ್ತುವ ಕೆಲಸಕ್ಕೆ ಒಂದೇ ತಂಡವನ್ನು ಮತ್ತೆ ಮತ್ತೆ ಕಳಿಸಬೇಡಿ. ಮುಖ, ಫೋಟೋ, ಮಕ್ಕಳ ವಸ್ತು ಇವನ್ನು ಅಗತ್ಯಕ್ಕಿಂತ ಹೆಚ್ಚು ನೋಡಬೇಡಿ ಅಂತ ಮೊದಲೇ ಹೇಳಿಡಿ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರನ್ನೊಬ್ಬರು ಗಮನಿಸುತ್ತಿರಲಿ. ಪಾಳಿ ಮುಗಿದ ಮೇಲೆ ಊಟ, ಸ್ನಾನ, ನಿದ್ದೆ. "ಸ್ವಲ್ಪ ಹಾಕಿದರೆ ನಿದ್ದೆ ಬರುತ್ತದೆ" ಅಂತ ಬಾಟಲಿ ತರುವ ಗೆಳೆಯರನ್ನು ಕೇಂದ್ರದಿಂದ ದೂರ ಇಡಿ.

ಕೇಂದ್ರ ಮುಚ್ಚುವ ದಿನ ಚೀಟಿಗಳನ್ನು ಅವರವರ ಕೈಗೆ ಕೊಡಿ, ಹಿಂಬದಿಯಲ್ಲಿ 14416 ಬರೆದು. ಅದು ಟೆಲಿ ಮನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಮೊದಲ ಕೆಲವು ವಾರ ಬೆಚ್ಚಿ ಬೀಳುವುದು, ಮಳೆ ಸದ್ದಿಗೆ ಎದೆ ಹೊಡೆದುಕೊಳ್ಳುವುದು ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ತಿಂಗಳು ದಾಟಿದರೂ ಕೆಟ್ಟ ಕನಸು ನಿಲ್ಲದಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಮಾನಸಿಕ ತಜ್ಞರ ಬಳಿ ಹೋಗಲೇಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಒಪ್ಪಿದವರ ಹೆಸರು, ಮನೆ ವಿವರವನ್ನು ಆ ವಾರ್ಡಿನ ಆಶಾ ಕಾರ್ಯಕರ್ತೆಗೆ ಕೊಟ್ಟು, ತಿಂಗಳ ನಂತರ ಒಮ್ಮೆ ಅವರ ಜೊತೆಯಲ್ಲೇ ಮನೆಮನೆಗೆ ಹೋಗಿ ಬನ್ನಿ. ದೋಣಿಯವರ ಮನೆಗೂ.