ಒಂದು ಕಣ್ಣು ಮುಚ್ಚಿ ನೋಡಿಸಿ

ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ನನ್ನ ಆರು ವರ್ಷದ ಮಾಣಿ ಬಲೂನಿಗೆ ಗುರಿ ಇಡಲು ಎಡಗಣ್ಣು ಮುಚ್ಚಿದ. "ಆಯಿ, ಎಂಗೆ ಬಲೂನೇ ಕಾಣ್ತಿಲ್ಲೆ" ಅಂದ. ಬಲಗಣ್ಣು ಮುಚ್ಚಿಸಿದೆ, ಎಲ್ಲ ಬಲೂನೂ ಕಂಡವು. ಅಲ್ಲಿಯವರೆಗೆ ನಮಗೆ ಒಂದು ಸುಳಿವೂ ಇರಲಿಲ್ಲ. ಮೆಳ್ಳೆಗಣ್ಣಿಲ್ಲ, ತಲೆನೋವಿಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಮಗು ಯಾಕೆ ದೂರು ಹೇಳೀತು, ಅಲ್ವಾ?

ಕಣ್ಣಿನ ಡಾಕ್ಟರಿಗೆ ತೋರಿಸಿದಾಗ ಪವರ್ ಎಡಕ್ಕೆ ಪ್ಲಸ್ 1, ಬಲಕ್ಕೆ ಪ್ಲಸ್ 4 ಬಂತು. ಎರಡು ಕಣ್ಣಿನ ಪವರ್‌ನಲ್ಲಿ 1 ಡಯಾಪ್ಟರ್ (ಪವರ್ ಅಳೆಯುವ ಮಾನ) ಅಥವಾ ಜಾಸ್ತಿ ವ್ಯತ್ಯಾಸವಿದ್ದರೆ ಅನೈಸೊಮೆಟ್ರೋಪಿಯಾ ಅಂತಾರೆ. ಮಸುಕಾಗಿ ಕಾಣುವ ಕಣ್ಣನ್ನು ಮೆದುಳು ಕ್ರಮೇಣ ಲೆಕ್ಕಕ್ಕೇ ಇಡುವುದಿಲ್ಲ. ಅದೇ ಸೋಮಾರಿ ಕಣ್ಣು.

ಮನೆಯಲ್ಲಿ ಹೀಗೆ ನೋಡಿ. ಕ್ಯಾಲೆಂಡರ್ ಬೇಡ, 12ರ ಪಕ್ಕ 13 ಅಂತ ಮಕ್ಕಳಿಗೆ ಬಾಯಿಪಾಠ. ಬಿಳಿ ಹಾಳೆಯಲ್ಲಿ ಅಕ್ಷರಗಳನ್ನು ಕ್ರಮ ತಪ್ಪಿಸಿ ಬರೆದು ಗೋಡೆಗೆ ಅಂಟಿಸಿ, ಮಗುವನ್ನು 3 ಮೀಟರ್ ದೂರ ಕೂರಿಸಿ. ನಿಮ್ಮ ಅಂಗೈಯಿಂದಲೇ ಮುಚ್ಚಿ, ಒತ್ತಬೇಡಿ. ಅವರ ಕೈಗೆ ಬಿಟ್ಟರೆ ಬೆರಳ ಸಂದಿಯಲ್ಲಿ ಇಣುಕುತ್ತಾರೆ. ಎರಡನೇ ಕಣ್ಣಿಗೆ ಬೇರೆ ಹಾಳೆ. ತೀರಾ ಚಿಕ್ಕ ಮಗುವಾದರೆ, ಒಳ್ಳೆ ಕಣ್ಣು ಮುಚ್ಚಿದಾಗ ಮಾತ್ರ ರಂಪ ಮಾಡಿ ಕೈ ತಳ್ಳುತ್ತದೆ. ಇದರಲ್ಲಿ ಸರಿ ಬಂದರೂ ಶಾಲೆಗೆ ಸೇರಿಸುವ ಮೊದಲು ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಅಲ್ಲಿ ಡ್ರಾಪ್ಸ್ ಹಾಕಿಯೇ ಪವರ್ ನೋಡಿಸಿ. ಮಕ್ಕಳ ಕಣ್ಣು ತಾನೇ ಹೊಂದಿಸಿಕೊಂಡು ಪ್ಲಸ್ ಪವರ್ ಮುಚ್ಚಿಡುತ್ತದೆ. ಆಮೇಲೆ ಬೆಳಕು ಚುಚ್ಚುತ್ತದೆ, ಟೋಪಿ ಒಯ್ಯಿರಿ.

ಕನ್ನಡಕ ಎದ್ದಾಗಿನಿಂದ ಮಲಗುವವರೆಗೆ ಇರಬೇಕು. ಕೆಲವು ಮಕ್ಕಳಿಗೆ ಕೆಲವು ತಿಂಗಳು ಅದೇ ಸಾಕಾಗುತ್ತದೆ. ನಮಗೆ ಸಾಲಲಿಲ್ಲ, ಡಾಕ್ಟರು ದಿನಕ್ಕೆ 2 ಗಂಟೆ ಪ್ಯಾಚ್ (ಕಣ್ಣು ಮುಚ್ಚುವ ಅಂಟುಪಟ್ಟಿ) ಹೇಳಿದರು. ಪ್ಯಾಚ್ ಒಳ್ಳೆ ಕಣ್ಣಿಗೆ! ಚರ್ಮಕ್ಕೇ ಅಂಟಿಸಿ, ಮೇಲೆ ಕನ್ನಡಕ ಹಾಕಿ. ಗಾಜಿಗೆ ಅಂಟಿಸಿದರೆ ಪಕ್ಕದಿಂದ ನೋಡುತ್ತಾರೆ. ಆ ಹೊತ್ತು ಸುಮ್ನೆ ಕೂರಿಸಬೇಡಿ. ನಾನು ಜಗುಲಿಯಲ್ಲಿ ಮೊರದ ತುಂಬ ಅಕ್ಕಿ ಹಾಕಿ ಭತ್ತ ಆರಿಸಲು ಕೊಡುತ್ತಿದ್ದೆ. ಮೊದಲ ದಿನ ಮೂಗು ಅಕ್ಕಿಗೆ ತಾಗುವಷ್ಟು ಬಗ್ಗಿದ, ಎರಡು ಭತ್ತ ಸಿಕ್ಕಿತು, ಅತ್ತ. ಮೂರನೇ ತಿಂಗಳಲ್ಲಿ ನೆಟ್ಟಗೆ ಕೂತು ಆರಿಸಿದ. ಅವತ್ತು ನಾನು ಅತ್ತೆ.

ಬೇಗ ಗುಣವಾಗಲಿ ಅಂತ ಗಂಟೆ ನೀವೇ ಹೆಚ್ಚಿಸಬೇಡಿ, ಒಳ್ಳೆ ಕಣ್ಣಿನ ದೃಷ್ಟಿಯೂ ಇಳಿಯಬಹುದು. ಏಳು ವರ್ಷದೊಳಗೆ ಫಲ ಜಾಸ್ತಿ, ದಾಟಿದರೂ ಕೈಬಿಡಬೇಡಿ. ಪ್ಯಾಚ್ ನಿಲ್ಲಿಸಿದ ಮೇಲೂ ಕೆಲವರಿಗೆ ದೃಷ್ಟಿ ಮತ್ತೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಅಡಿಕೆ ಕೊನೆಕೊಯ್ಲಿನ ಗಡಿಬಿಡಿ ಇದ್ದರೂ, ಡಾಕ್ಟರು ಹೇಳಿದ ದಿನ ನಾವು ಬಸ್ಸು ಹತ್ತುತ್ತೇವೆ.